ಹದಿನಾರು ಮನೆ, ಹದಿನೈದು ಗಂಟು

ಆ ಗುರುವಾರ ಬೆಳಿಗ್ಗೆ ನಮ್ಮವರು ರೊಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂದರು. ಹೆಚ್ಚಾಗಿತ್ತು. ಎರಡು ತಿಂದರು, ಮೂರನೆಯದನ್ನು ಡಬ್ಬಿಗೆ ಹಾಕಿಸಿಕೊಂಡರು. ಬೆಂಗಳೂರಿನ ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಕಿಟಕಿ ಹತ್ತಿರ ಚಾಪೆ ಹಾಕಿಕೊಂಡು, ತೊಡೆ ಮೇಲೆ ಹಲಗೆ ಇಟ್ಟು, ಗ್ರಾಫ್ ಹಾಳೆ ಹರಡಿ ಕೂತರು. ನಾನು ಪಕ್ಕದಲ್ಲಿ ಕೂತು ಜೆರಾಕ್ಸ್ ಪ್ರತಿ ನೋಡಿಕೊಂಡು ಅಂಕಿ ಓದಿ ಹೇಳಿದೆ. ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರದ ಗುರುತು ಸಿಗುತ್ತದೆ, ಮಾತು ಗೊತ್ತಾಗುವುದಿಲ್ಲ. ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ.

ಅದು ಮಳೆಯ ಪಟ್ಟಿ. ನಮ್ಮ ಸುತ್ತಿನ ಹದಿನಾಲ್ಕು ಊರು. ದೊಡ್ಡಬೆಳವಂಗಲ ಇತ್ತು, ತ್ಯಾಮಗೊಂಡ್ಲು ಇತ್ತು. ಒಂದೊಂದು ಊರಿಗೆ ಮೂರು ವರ್ಷದ ಲೆಕ್ಕ, ವರ್ಷಕ್ಕೆ ಒಂದು ಸಾಲು, ಹಾಗಾಗಿ ನಲವತ್ತೆರಡು ಸಾಲು. ಸಾಲಿನಲ್ಲಿ ಊರಿನ ಹೆಸರಿಗೆ ಒಂದು ಮನೆ, ವರ್ಷಕ್ಕೆ ಒಂದು, ತಿಂಗಳುಗಳಿಗೆ ಹನ್ನೆರಡು, ಒಟ್ಟು ಮಳೆಗೆ ಒಂದು, ಕೊನೆಯಲ್ಲಿ ಷರಾ ಬರೆಯುವುದಕ್ಕೆ ಒಂದು. ಹದಿನಾರು ಮನೆ. ಅಷ್ಟು ಅಗಲದ ಪಟ್ಟಿ ಪುಸ್ತಕದ ಪುಟದಲ್ಲಿ ಹಿಡಿಯುವುದಿಲ್ಲ ಎಂದು ಇವರು ಕೆಲಸ ಮಾಡುವ ಬೆಂಗಳೂರಿನ ಆಫೀಸಿನವರು ಹೇಳಿದ್ದರು. ನಡುವೆ ಕತ್ತರಿಸಿ ಎರಡು ಪಟ್ಟಿ ಮಾಡುತ್ತೇವೆ ಎಂದಿದ್ದರು. ಇವರು ಬೇಡ, ಪುಟವನ್ನು ಅಡ್ಡ ತಿರುಗಿಸಿ ಒಂದರಲ್ಲೇ ಕೂರಿಸುತ್ತೇನೆ ಎಂದು ಹಟ ಹಿಡಿದು ಮನೆಗೆ ತಂದಿದ್ದರು. ಸೋಮವಾರದವರೆಗೆ ಟೈಮ್ ಕೊಟ್ಟಿದ್ದರು. ಅವತ್ತು ಮೂರು ಸಾಲು ಬರೆದು ಮೂವತ್ತಕ್ಕೆ ನಿಲ್ಲಿಸಿದರು. ಹನ್ನೆರಡು ಉಳಿಯಿತು.

"ಎರಡು ಮಾಡ್ಕೊಳ್ಳಿ ಬಿಡ್ರೀ. ಯಾರು ಓದ್ತಾರೆ ಅದನ್ನ," ಎಂದೆ.

"ಜೂನ್ ಒಂದು ಪುಟದಲ್ಲಿ, ಜುಲೈ ಇನ್ನೊಂದು ಪುಟದಲ್ಲಿ ಇದ್ರೆ ಮಳೆಗಾಲ ಎಲ್ಲಿ ಬಂತು ಅಂತ ಹೇಳ್ತೀಯ?"

"ಆಕಾಶದಿಂದ ಬಂತು."

ನಗಲಿಲ್ಲ. ಹಾಳೆಯನ್ನು ಸುತ್ತಿ ಬೀರುವಿನ ಮೇಲಿಟ್ಟು ರೈಲಿಗೆ ಹೋದರು. ಸಾಯಂಕಾಲ ಬಂದರು, ಉಂಡರು, ಮಲಗಿದರು.

ಅವರ ಹೆಸರು ಪಿಳ್ಳಪ್ಪ. ಬಾಯಲ್ಲಿ ಹೇಳುವುದಿಲ್ಲ, ಬರೆಯುತ್ತೇನೆ. ದೊಡ್ಡಬಳ್ಳಾಪುರದಲ್ಲೇ ಹುಟ್ಟಿದವರು. ಮನೆತುಂಬ ಮಗ್ಗ. ಇಬ್ಬರು ಅಣ್ಣಂದಿರು ನೇಯುತ್ತಿದ್ದರು, ಇವರು ನೇಯುತ್ತಿರಲಿಲ್ಲ. ಇವರದು ಸೀರೆಯ ಅಂಚಿನ ಚಿತ್ರವನ್ನು ಗ್ರಾಫ್ ಹಾಳೆಯ ಮನೆಗಳಲ್ಲಿ ತುಂಬುವ ಕೆಲಸ. ಹಂಸವೋ ಮಾವಿನಕಾಯಿಯೋ ಯಾವುದಾದರೂ ಸರಿ, ಅದನ್ನು ಮನೆ ಮನೆಯಾಗಿ ಒಡೆಯುವುದು. ಆಮೇಲೆ ಆ ಹಾಳೆ ನೋಡಿಕೊಂಡು ರಟ್ಟಿನ ಕಾರ್ಡಿಗೆ ತೂತು ಹೊಡೆಯುವುದು. ಆ ಕಾರ್ಡಿನ ಸರ ಮಗ್ಗದ ಮೇಲೆ ಕೂತು ಯಾವ ಎಳೆ ಏಳಬೇಕು, ಯಾವುದು ಏಳಬಾರದು ಎಂದು ಹೇಳುತ್ತದೆ. ಒಂದು ತೂತು ತಪ್ಪಿದರೆ ಹಂಸದ ಕೊಕ್ಕು ಬಾಲಕ್ಕೆ ಹೋಗುತ್ತದೆ. ಇವರು ಹೊಡೆದ ಕಾರ್ಡಿನಲ್ಲಿ ಹಾಗೆ ಆಗಿದ್ದನ್ನು ನಾನು ಕೇಳಿಲ್ಲ.

ನನ್ನ ತವರೂ ನೇಕಾರರ ಮನೆಯೇ. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಾಸು ಮುಗಿದಾಗ ಹಳೆಯ ಎಳೆಗೆ ಹೊಸ ಎಳೆ ಸೇರಿಸಿ ಒಂದೊಂದಾಗಿ ಗಂಟು ಹಾಕಬೇಕು. ಮೂರು ನಾಲ್ಕು ಸಾವಿರ ಎಳೆ. ಅದು ನನ್ನ ಕೆಲಸ. ಮದುವೆಗೆ ಮುಂಚೆಯೂ ಮಾಡಿದೆ, ಆಮೇಲೂ ಮಾಡಿದೆ. ಮಕ್ಕಳಾಗಲಿಲ್ಲ. ಅದರ ವಿಷಯ ಇಷ್ಟೇ.

ಅವರ ಜೊತೆ ಬಾಳುವುದು ಸುಲಭ ಇರಲಿಲ್ಲ. ಸಾಲು ವಕ್ರವಾಗಿ ಕಂಡರೆ ಸುಮ್ಮನಿರುತ್ತಿರಲಿಲ್ಲ. ಮದುವೆ ಊಟದಲ್ಲಿ ಕೂತರೆ ಮೊದಲು ಎಲೆ ಎಣಿಸುವರು, ಆ ಕಡೆ ಪಂಕ್ತಿಗೂ ಈ ಕಡೆ ಪಂಕ್ತಿಗೂ ಎರಡು ಎಲೆ ವ್ಯತ್ಯಾಸ ಇದೆ ಎಂದು ಬಡಿಸುವವನಿಗೆ ಹೇಳುವರು. ಅವನು ಪಲ್ಯದ ಬಕೆಟ್ ಹಿಡಿದು ನಿಂತಿರುವನು. ಒಂದು ವರ್ಷ ಯಾವುದೋ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಫೆಬ್ರವರಿ ತಿಂಗಳ ವಾರಗಳು ಸರಿಯಾಗಿ ಕೂತಿರಲಿಲ್ಲ. ನಾನಾಗಿದ್ದರೆ ಇನ್ನೊಂದು ಕ್ಯಾಲೆಂಡರ್ ಕೇಳಿ ತರುತ್ತಿದ್ದೆ. ಇವರು ಸ್ಕೇಲು ತೆಗೆದುಕೊಂಡು ಫೆಬ್ರವರಿಯನ್ನು ಹೊಸದಾಗಿ ಬರೆದು ಅಂಟಿಸಿದರು. ಏಕಾದಶಿ, ಸಂಕಷ್ಟಿ ಬಿಡಲಿಲ್ಲ.

ಅಣ್ಣತಮ್ಮಂದಿರು ಪಾಲಾದಾಗ ಮಗ್ಗಗಳು ಅಣ್ಣಂದಿರ ಪಾಲಿಗೆ ಹೋದವು. ಕಾರ್ಡು ಹೊಡೆಯುವ ಯಂತ್ರ ಇವರಿಗೆ ಬಂತು. ಆ ಹೊತ್ತಿಗೆ ಸೀರೆ ಮಾಲೀಕರು ಬೇರೆ ಕಡೆಯಿಂದ ಸಿದ್ಧ ಕಾರ್ಡು ತರಿಸಲು ಶುರು ಮಾಡಿದ್ದರು. ಎಂಬತ್ತೊಂಬತ್ತರಲ್ಲಿ ಪಕ್ಕದ ಮನೆಯ ಅಪ್ಪಯ್ಯಣ್ಣ ಇವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ಅಪ್ಪಯ್ಯಣ್ಣ ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿದ್ದ, ದಿನಾ ರೈಲಿನಲ್ಲಿ ಓಡಾಡುವವನು. ಯಶವಂತಪುರದಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಒಂದು ಆಫೀಸು. ಪುಸ್ತಕಗಳಿಗೆ ಅಕ್ಷರ ಜೋಡಿಸಿ ಪುಟ ಮಾಡಿ ಪ್ರೆಸ್ಸಿಗೆ ಕೊಡುವವರು. ಎಲ್ಲಾ ಇಂಗ್ಲಿಷು. ಬೆಳೆ, ದನ, ಕಾಯಿಲೆ, ಇಂಥ ಪುಸ್ತಕಗಳು.

ಮೊದಲು ಇವರಿಗೆ ಕೊಟ್ಟದ್ದು ಅಂಟಿಸುವ ಕೆಲಸ. ಉದ್ದ ಕಾಗದದಲ್ಲಿ ಅಚ್ಚಾಗಿ ಬಂದ ಅಂಕಿಗಳನ್ನು ಬ್ಲೇಡಿನಲ್ಲಿ ಕತ್ತರಿಸಿ, ಸಾಲು ಕಟ್ಟಿ ಅಂಟಿಸಿ, ಮಸಿ ಪೆನ್ನಿನಲ್ಲಿ ಗೆರೆ ಎಳೆದು ಪಟ್ಟಿ ಮಾಡುವುದು. ಓದಲು ಬರಬೇಕಾಗಿಲ್ಲ, ನೋಡಲು ಬಂದರೆ ಸಾಕು. ಮೂರು ವರ್ಷ ಅದನ್ನು ಮಾಡಿದರು. ಪಟ್ಟಿ ಇದ್ದ ಪುಟವೆಲ್ಲ ಇವರ ಮೇಜಿಗೇ ಬರುತ್ತಿತ್ತು.

ತೊಂಬತ್ತೆರಡರಲ್ಲಿ ಆ ಕೆಲಸವೂ ಕಂಪ್ಯೂಟರಿಗೆ ಹೋಯಿತು. ಅಂಟಿಸುವವರು ಮೂರು ಜನ ಇದ್ದರು. ಒಂದು ತಿಂಗಳೊಳಗೆ ಕಲಿತವರು ಇರಬಹುದು, ಉಳಿದವರು ಹೋಗಬಹುದು ಎಂದು ಮಾಲೀಕರು ಹೇಳಿದರು. ಸೂಪರ್‌ವೈಸರ್ ರಾಜೇಂದ್ರ ಅಂತ, ಹೊಸಕೋಟೆ ಕಡೆಯವರು, ಇಪ್ಪತ್ತೆಂಟು ವರ್ಷ, ಡಿಗ್ರಿ ಆಗಿತ್ತು. ಒಳ್ಳೆಯ ಮನುಷ್ಯನೇ. ಇದಕ್ಕೆ ಇಂಗ್ಲಿಷ್ ಬೇಕು, ನಿಮಗೆ ಕಷ್ಟವಾಗುತ್ತದೆ ಎಂದು ಇವರಿಗೆ ಹೇಳಿದರಂತೆ. ಇವರು, "ಸಾರ್, ಸೀರೆಯಲ್ಲಿ ಯಾವ ಭಾಷೆ ಇದೆ?" ಎಂದು ಕೇಳಿದರಂತೆ. ರಾಜೇಂದ್ರ ಒಂದು ಹಾಳೆ ಕೊಟ್ಟು, ನೋಡಿ ಹಾಗಾದರೆ, ಎಂದರಂತೆ.

ಆ ಹಾಳೆ ಹಿಡಿದುಕೊಂಡು ಮನೆಗೆ ಬಂದು ನನಗೆ ವಿವರಿಸಿದರು. ನಾನು ಕೇಳಿರಲಿಲ್ಲ. ಆ ಕಂಪ್ಯೂಟರಿನಲ್ಲಿ ಪಟ್ಟಿ ಬರೆದು ತೋರಿಸುವ ಹಾಗಿಲ್ಲವಂತೆ, ಬಾಯಿಪಾಠ ಹೇಳಿದ ಹಾಗೆ ಗುರುತಿನಲ್ಲಿ ಹೇಳಬೇಕಂತೆ, ಆಮೇಲೆ ಅದೇ ಗೆರೆ ಹೊಡೆದು ಕೂರಿಸಿಕೊಡುತ್ತದಂತೆ. ಮೊದಲು ಎಷ್ಟು ಕಂಬ ಎಂದು ಹೇಳಬೇಕು, ಕಂಬಕ್ಕೊಂದು ಅಕ್ಷರ. ಎಡಕ್ಕೆ ಒತ್ತಬೇಕಾದರೆ ಎಲ್, ನಡುವೆ ನಿಲ್ಲಬೇಕಾದರೆ ಸಿ, ಬಲಕ್ಕೆ ಒತ್ತಬೇಕಾದರೆ ಆರ್. ಹೆಸರೆಲ್ಲ ಎಡಕ್ಕೆ, ಅಂಕಿಯೆಲ್ಲ ಬಲಕ್ಕೆ. ಅದು ಹಾಸು. ಹಾಸು ಕಟ್ಟಿದ ಮೇಲೆ ಅಡ್ಡಕ್ಕೆ ಸಾಲು ಸಾಲಾಗಿ ಹೊಕ್ಕು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುರುತು. ಅಂಗಡಿ ಬೋರ್ಡಿನಲ್ಲಿ ಅಂಡ್ ಸನ್ಸ್ ಎಂದು ಬರೆಯುವಾಗ ಸುತ್ತಿಕೊಂಡ ಹಾಗೆ ಒಂದು ಗುರುತು ಹಾಕುತ್ತಾರಲ್ಲ, ಅದು. ಹಾಳೆಯ ಮೇಲೆ ನೋಡಿದರೆ ದಾರದ ಗಂಟಿನ ಹಾಗೇ ಇತ್ತು. ನಾವಿಬ್ಬರೂ ಅದನ್ನು ಗಂಟು ಎಂದೇ ಕರೆದೆವು. ಸಾಲು ಮುಗಿದಾಗ ಹಿಂದಕ್ಕೆ ಒರಗಿದ ಎರಡು ಕಡ್ಡಿ. ಇಷ್ಟು ಗೊತ್ತಿದ್ದರೆ ಪಟ್ಟಿ ಆಯಿತು ಎಂದರು.

ಮಾರನೆಯ ದಿನ ಒಂದೇ ಬೆರಳಿನಲ್ಲಿ ಮೂರು ಗಂಟೆ ಕೂತು ಟೈಪ್ ಮಾಡಿದರಂತೆ. ಪಟ್ಟಿ ಬಂತು. ಆದರೆ ಒಂದು ಸಾಲು ಅರ್ಧಕ್ಕೇ ನಿಂತಿತ್ತು. ನೋಡಿದರೆ ಅಲ್ಲಿ ಶೇಕಡಾ ಗುರುತು ಇತ್ತು. ಆ ಗುರುತು ಹಾಗೇ ಹಾಕಿದರೆ ಕಂಪ್ಯೂಟರು ಆ ಸಾಲಿನಲ್ಲಿ ಅದರ ಮುಂದಿನದನ್ನು ಓದುವುದೇ ಇಲ್ಲವಂತೆ, ಹಿಂದೆ ಒಂದು ಒರಗಿದ ಕಡ್ಡಿ ಕೊಟ್ಟರೆ ಓದುತ್ತದಂತೆ. ಇದನ್ನು ನನಗೆ ಹೇಳುವಾಗ, ಬೀಗರ ಮನೆಗೆ ಹೋದಾಗ ಕೂತುಕೊಳ್ಳಿ ಎನ್ನಲಿಲ್ಲ ಎಂದು ಹೇಳುವವರ ಹಾಗೆ ಹೇಳಿದರು. ಎರಡು ದಿನ ಅದೇ ಮಾತು.

ಉಳಿದ ಇಬ್ಬರು ಹೋದರು. ಇವರು ಉಳಿದರು. ಆಮೇಲಿಂದ ನಮ್ಮ ಮನೆಯ ಬೆಳಗು ಹಾಗೆ ಆಯಿತು. ರೈಲಿಗೆ ಮುಂಚೆ ಗ್ರಾಫ್ ಹಾಳೆ, ನಾನು ಅಂಕಿ ಓದುವುದು, ಅವರು ಗಂಟು ಹಾಕುವುದು. ಆಫೀಸಿಗೆ ಹೋಗಿ ಹಾಳೆ ನೋಡಿಕೊಂಡು ಟೈಪ್ ಮಾಡುವುದು. ರಾಜೇಂದ್ರ ಹಾಳೆ ಬೇಡ, ನೇರ ಟೈಪ್ ಮಾಡಿ ಎಂದರೂ ಕೇಳಲಿಲ್ಲ. ಗ್ರಾಫ್ ಇಲ್ಲದೆ ಯಾರಾದರೂ ಮಗ್ಗಕ್ಕೆ ಸೀರೆ ಹಾಕುತ್ತಾರೆಯೇ ಎಂದರು. ಟೈಪ್ ಆದಮೇಲೆ ಇವರ ಪಟ್ಟಿ ಮೊದಲ ಸಲಕ್ಕೇ ಬರುತ್ತಿತ್ತು, ಬೇರೆಯವರದು ಮೂರು ಸಲಕ್ಕೆ ಬರುತ್ತಿತ್ತು. ಎಣಿಕೆ ಬೇಕಾದರೆ ಪಿಳ್ಳಪ್ಪನವರನ್ನು ಕೇಳಿ ಎಂದು ಆಫೀಸಿನಲ್ಲಿ ಹೇಳುತ್ತಿದ್ದರಂತೆ. ಇದನ್ನು ಇವರು ನನಗೆ ಹೇಳಲಿಲ್ಲ. ಅಪ್ಪಯ್ಯಣ್ಣ ಹೇಳಿದ.

ಶುಕ್ರವಾರ ಬೆಳಿಗ್ಗೆ ಹಾಳೆ ಮುಟ್ಟಲಿಲ್ಲ. ಎದೆ ಉರಿ ಎಂದು ಮಜ್ಜಿಗೆ ಕುಡಿದರು. ಸ್ಟೇಷನ್ನಿನ ಬೆಂಚಿನ ಮೇಲೆ ಅಪ್ಪಯ್ಯಣ್ಣನ ಪಕ್ಕದಲ್ಲಿ ಕೂತಿದ್ದರು. ರೈಲು ಬಂತು. ಅಪ್ಪಯ್ಯಣ್ಣ ಎದ್ದ, ಇವರು ಏಳಲಿಲ್ಲ. ನಲವತ್ತೇಳು ವರ್ಷ. ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಮುಗಿದಿತ್ತು.

ಭಾನುವಾರ ರಾಜೇಂದ್ರ ಹಾರ ತಂದರು. ಹಾರ ಯಾರಿಗೆ ಹಾಕಬೇಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದರು. ಫೋಟೋಗೆ ಇನ್ನೂ ಕಟ್ಟು ಹಾಕಿಸಿರಲಿಲ್ಲ. ಕೂತು, ಕಾಫಿ ಬೇಡವೆಂದು, ಹೋಗುವಾಗ ಆ ಮಳೆ ಪಟ್ಟಿಯ ಯೋಚನೆ ಬೇಡ, ಅದನ್ನು ಎರಡು ಮಾಡಿ ಕೊಟ್ಟುಬಿಡುತ್ತೇವೆ ಎಂದರು. ಸಮಾಧಾನಕ್ಕೆಂದೇ ಹೇಳಿದರು.

ನಾನು ಬೀರುವಿನ ಕಡೆ ನೋಡಿದೆ. ಪಟ್ಟಿ ಸಿದ್ಧವಾಗಿದೆ, ಗುರುವಾರ ಅಪ್ಪಯ್ಯಣ್ಣನ ಕೈಲಿ ಕಳಿಸುತ್ತೇನೆ, ಅಲ್ಲಿವರೆಗೆ ಕತ್ತರಿಸಬೇಡಿ ಎಂದೆ. ಸಿದ್ಧವಾಗಿರಲಿಲ್ಲ. ಸತ್ತವರ ಮನೆಯಲ್ಲಿ ಇಲ್ಲ ಎನ್ನಲಾಗದೆ ರಾಜೇಂದ್ರ ಒಪ್ಪಿಕೊಂಡು ಹೋದರು.

ನಮ್ಮವರು ಬಿಟ್ಟು ಹೋದದ್ದರಲ್ಲಿ ಅರ್ಧ ಆಗಿದ್ದುದು ಅದೊಂದೇ. ಬೇರೆ ಎಲ್ಲವನ್ನೂ ಮುಗಿಸಿ, ಮಡಿಸಿ ಇಟ್ಟಿದ್ದರು. ಅದು ತುಂಡಾಗಬಾರದು ಎನ್ನುವುದು ಬಿಟ್ಟರೆ ಆ ವಾರ ನನಗೆ ಬೇರೆ ಏನೂ ಬೇಕಾಗಿರಲಿಲ್ಲ.

ಸೋಮವಾರ ಚಾಪೆ ಹಾಕಿಕೊಂಡು ಕೂತೆ. ಅವರ ಅಕ್ಕ ಅಕ್ಕಯಮ್ಮ ಕಾರ್ಯ ಮುಗಿಯುವವರೆಗೆ ನಮ್ಮ ಮನೆಯಲ್ಲಿದ್ದರು. ನೋಡಿದವರಿಗೆ ಏನು ಹೇಳಲಿ, ಗಂಡ ಹೋಗಿ ನಾಲ್ಕು ದಿನಕ್ಕೆ ಸ್ಕೂಲಿಗೆ ಸೇರಿದಳು ಅನ್ನಲಾ ಎಂದರು. ನಾನು ಬರೆದೆ. ಅಂಕಿ ಗೊತ್ತಿತ್ತು. ಊರಿನ ಹೆಸರು ನೋಡಿಕೊಂಡು ಬರೆದೆ. ಗಂಟು ಹಾಕುವುದು, ಸಾಲಿನ ಕೊನೆಗೆ ಎರಡು ಕಡ್ಡಿ ಒರಗಿಸುವುದು ಅವರು ಹಾಕಿದ್ದನ್ನು ನೋಡಿಕೊಂಡು ಮಾಡಿದೆ. ಹನ್ನೆರಡು ಸಾಲಿಗೆ ಎರಡು ದಿನ ಹಿಡಿಯಿತು.

ಮುಗಿದ ಮೇಲೆ ಹಾಳೆಯನ್ನು ದೂರ ಹಿಡಿದು ನೋಡಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವರ ಮೂವತ್ತು ಸಾಲಿನಲ್ಲಿ ಕೆಲವು ಸಾಲಿಗೆ ಎಡದ ಅಂಚಿನಲ್ಲಿ ಗಂಟು ಇತ್ತು, ಕೆಲವಕ್ಕೆ ಇರಲಿಲ್ಲ. ಬಲದ ಅಂಚಿನಲ್ಲೂ ಹಾಗೇ. ಬಹಳ ಸಾಲಿಗೆ ಇತ್ತು, ಮೂರು ನಾಲ್ಕಕ್ಕೆ ಇರಲಿಲ್ಲ. ಅವರಂಥ ಮನುಷ್ಯ ಅಂಚು ಬಿಟ್ಟಿದ್ದಾರೆ. ಆಗಲೇ ಮೈ ಸರಿ ಇರಲಿಲ್ಲ, ನನಗೆ ಹೇಳಲಿಲ್ಲ ಎಂದುಕೊಂಡೆ. ಅಂಚಿನ ಎಳೆ ಬಿಟ್ಟರೆ ಬಟ್ಟೆ ಬಿಚ್ಚಿಕೊಳ್ಳುತ್ತದೆ, ನೇಕಾರರ ಮನೆಯ ಮಗುವಿಗೂ ಗೊತ್ತು. ಅದೇ ಪೆನ್ಸಿಲ್ ತೆಗೆದುಕೊಂಡು ಎಲ್ಲೆಲ್ಲಿ ಅಂಚಿನಲ್ಲಿ ಗಂಟು ಇಲ್ಲವೋ ಅಲ್ಲೆಲ್ಲ ಹಾಕಿದೆ. ಅವರ ಸಾಲಿಗೂ ಹಾಕಿದೆ, ನನ್ನ ಸಾಲಿಗೂ ಹಾಕಿದೆ. ನಲವತ್ತೆರಡಕ್ಕೂ ಎರಡು ಕಡೆ ಅಂಚು ಬಂತು. ನೋಡಲು ಚೆನ್ನಾಗಿತ್ತು. ಗುರುವಾರ ಅಪ್ಪಯ್ಯಣ್ಣ ತೆಗೆದುಕೊಂಡು ಹೋದ.

ಶುಕ್ರವಾರ ಸಾಯಂಕಾಲ ಅಪ್ಪಯ್ಯಣ್ಣ ಬಂದು ಜಗಲಿ ಮೇಲೆ ಕೂತ. ಮಳೆಯ ವಿಷಯ ಮಾತಾಡಿದ. ರೈಲು ತಡವಾದದ್ದು ಹೇಳಿದ. ಏನೋ ಇದೆ ಎಂದು ಗೊತ್ತಾಯಿತು.

"ಅಪ್ಪಯ್ಯಣ್ಣಾ, ಪಟ್ಟಿ ಏನಾಯ್ತು?"

"ಬರ್ಲಿಲ್ವಂತೆ ತಾಯಿ. ಟೈಪ್ ಮಾಡಿದ್ರೆ ಸಾಲೆಲ್ಲ ಆಕಡೆ ಈಕಡೆ ಹೋಗಿದ್ಯಂತೆ. ಕೊನೆಕೊನೆಗೆ ಪಿಳ್ಳಪ್ಪನಿಗೆ ಎಣಿಕೆ ತಪ್ಪಿತ್ತು, ಪಾಪ, ಅಂತ ಮಾತಾಡ್ಕೊಂಡ್ರು. ನಾಳೆ ಎರಡು ಮಾಡ್ತಾರಂತೆ."

ಮಿಕ್ಕಿದ್ದನ್ನು ನಾನು ಕೇಳಲಿಲ್ಲ. ಎಣಿಕೆ ತಪ್ಪಿತ್ತು, ಪಾಪ. ಕೆಟ್ಟ ಮಾತು ಆಡಿದ್ದರೂ ಅಷ್ಟು ಆಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ಹೊರಟೆ. ಹನ್ನೊಂದನೆಯ ದಿನ ಕಳೆಯುವವರೆಗೆ ಹೆಂಡತಿ ಹೊಸ್ತಿಲು ದಾಟುವ ಹಾಗಿಲ್ಲ. ಅದು ಒಂಬತ್ತನೆಯ ದಿನ. ಅಕ್ಕಯಮ್ಮ ಬಾಗಿಲಲ್ಲಿ ಅಡ್ಡ ನಿಂತರು.

"ಹನ್ನೊಂದು ಕಳೀಲಿ ಕಣೇ. ಜನ ಏನಂತಾರೆ?"

"ಹನ್ನೊಂದು ಕಳೆಯೋ ಹೊತ್ತಿಗೆ ಅದನ್ನ ಕತ್ತರಿಸಿರ್ತಾರೆ ಅಕ್ಕಾ."

"ಕಾಗದ ತಾನೆ?"

"ಹ್ಞೂ. ಕಾಗದ."

ಅವರು ಸರಿದರು. ಅಪ್ಪಯ್ಯಣ್ಣನ ಜೊತೆ ರೈಲು ಹತ್ತಿದೆ. ಗುರುತಿದ್ದವರು ಆಚೆ ಡಬ್ಬಿಗೆ ಹೋದರು. ಕೂರಲು ಜಾಗ ಚೆನ್ನಾಗಿ ಸಿಕ್ಕಿತು.

ಆ ಆಫೀಸನ್ನು ಆವರೆಗೆ ನೋಡಿರಲಿಲ್ಲ. ಚಪ್ಪಲಿ ಹೊರಗೆ ಬಿಡಬೇಕು, ಕಂಪ್ಯೂಟರಿಗೆ ಧೂಳು ಆಗುವುದಿಲ್ಲವಂತೆ. ದೇವಸ್ಥಾನದ ಹಾಗೆ ತಣ್ಣಗಿತ್ತು. ಐದು ಜನ ಕೂತು ಕಟಕಟ ಮಾಡುತ್ತಿದ್ದರು. ಒಂದು ಕುರ್ಚಿ ಖಾಲಿ ಇತ್ತು, ಯಾರದೆಂದು ಕೇಳಲಿಲ್ಲ. ರಾಜೇಂದ್ರ ಗಾಬರಿಯಾಗಿ ಎದ್ದು ಬಂದರು. ನೀವು ಯಾಕೆ ಬಂದಿರಿ ಅಮ್ಮ, ಈ ದಿನದಲ್ಲಿ, ಎಂದರು. ಪಟ್ಟಿ ತೋರಿಸಿ ಎಂದೆ.

ಅಚ್ಚಾಗಿ ಬಂದದ್ದನ್ನು ತೋರಿಸಿದರು. ಹದಿನಾಲ್ಕು ಊರಿನ ಹೆಸರೂ ವರ್ಷದ ಕಂಬದಲ್ಲಿ ಕೂತಿದ್ದವು. ಆ ಸಾಲಿನಲ್ಲಿ ವರ್ಷ ಹೋಗಿ ಜನವರಿಯಲ್ಲಿ, ಜನವರಿ ಹೋಗಿ ಫೆಬ್ರವರಿಯಲ್ಲಿ. ನಮ್ಮ ದೊಡ್ಡಬಳ್ಳಾಪುರಕ್ಕೆ ಜನವರಿಯಲ್ಲಿ ಸಾವಿರದ ಒಂಬೈನೂರ ತೊಂಬತ್ತು ಮಿಲಿಮೀಟರ್ ಮಳೆ ಬಂದಿತ್ತು. ಅಷ್ಟು ಬಂದಿದ್ದರೆ ಊರು ಇರುತ್ತಿರಲಿಲ್ಲ.

ಯಾಕೆ ಹೀಗಾಯಿತು ಎಂದು ಕೇಳಿದೆ. ರಾಜೇಂದ್ರ ಹಾಳೆ ತೆಗೆದು ನಿಧಾನವಾಗಿ ಹೇಳಿದರು. ಹದಿನಾರು ಮನೆಗೆ ನಡುವೆ ಹದಿನೈದೇ ಗಂಟು. ಅಂಚಿಗೆ ಗಂಟು ಇಲ್ಲ. ಊರಿನ ಹೆಸರು ಮೊದಲ ವರ್ಷದ ಸಾಲಿನಲ್ಲಿ ಮಾತ್ರ ಇರುತ್ತದೆ. ಕೆಳಗಿನ ಎರಡು ಸಾಲಿನಲ್ಲಿ ಹೆಸರಿನ ಮನೆ ಖಾಲಿ. ಮನೆ ಖಾಲಿಯಾದರೂ ಅದು ಮುಗಿಯಿತು ಎನ್ನುವುದಕ್ಕೆ ಗಂಟು ಬೇಕು, ಹಾಗಾಗಿ ಆ ಸಾಲು ಗಂಟಿನಿಂದಲೇ ಶುರುವಾಗುತ್ತದೆ. ಷರಾ ಇಲ್ಲದ ಸಾಲು ಗಂಟಿನಲ್ಲೇ ಮುಗಿಯುತ್ತದೆ.

"ನೋಡೋರಿಗೆ ಅಂಚು ಅನ್ಸುತ್ತೆ. ಅದು ಅಂಚಲ್ಲ ಅಮ್ಮ, ಖಾಲಿ ಮನೆ," ಎಂದರು.

"ಹಂಗಾದ್ರೆ ಇದು ನಂದು."

"ಯಾವುದು?"

"ತಪ್ಪು. ಕೊನೇ ಹನ್ನೆರಡು ಸಾಲು ನಾನು ಬರೆದಿದ್ದು. ಅವರು ಅಂಚು ಬಿಟ್ಟವ್ರೆ ಅಂತ ಎಲ್ಲಾ ಸಾಲಿಗೂ ನಾನೇ ಗಂಟು ಹಾಕ್ಬಿಟ್ಟೆ. ಅವರ ಎಣಿಕೆ ತಪ್ಪಿರ್ಲಿಲ್ಲ."

ಎಣಿಸಿದ್ದರೆ ಅವರ ಮೂವತ್ತು ಸಾಲಿನಲ್ಲೂ ಹದಿನೈದೇ ಸಿಗುತ್ತಿತ್ತು. ನಾನು ಎಣಿಸಿರಲಿಲ್ಲ. ಕಣ್ಣಳತೆಯಲ್ಲಿ ನೋಡಿ ಚೆನ್ನಾಗಿ ಮಾಡಲು ಹೋದೆ.

ರಾಜೇಂದ್ರ ತಲೆ ಕೆರೆದುಕೊಂಡರು. ಅಂಚು ತೆಗೆದುಹಾಕುವುದು ಕಷ್ಟವಲ್ಲ, ಮಾಲೀಕರು ಒಪ್ಪುವುದು ಕಷ್ಟ ಎಂದರು. ಇಷ್ಟು ತಪ್ಪಿದ್ದರೆ ಒಳಗೆ ಎಷ್ಟಿದೆಯೋ ಯಾರಿಗೆ ಗೊತ್ತು ಎಂದು ಮಾಲೀಕರು ಕೇಳಿದ್ದಾರೆ. ಒಳಗೆ ನೋಡಬೇಕಾದರೆ ಆರುನೂರ ಎಪ್ಪತ್ತೆರಡು ಮನೆ. ಸಾಯಂಕಾಲ ಪ್ರೆಸ್ಸಿಗೆ ಹೋಗಬೇಕು. ಕತ್ತರಿಸಿ ಬೇರೆಯವರ ಕೈಲಿ ಹೊಸದಾಗಿ ಹಾಕಿಸುವುದೇ ಸುಲಭ.

ಹಾಳೆ ಕೊಡಿ ಎಂದೆ. ನಮ್ಮವರ ಗಂಟಿಗೂ ನನ್ನ ಗಂಟಿಗೂ ವ್ಯತ್ಯಾಸ ಇತ್ತು. ಅವರು ಬಲಗಡೆಯಿಂದ ಶುರು ಮಾಡಿ ಬಾಲವನ್ನು ಮೇಲಕ್ಕೆ ಎಳೆಯುತ್ತಿದ್ದರು. ನನ್ನದಕ್ಕೆ ಬಾಲ ಕೆಳಗೆ. ರಾಜೇಂದ್ರ ಎರಡನ್ನೂ ಪಕ್ಕಪಕ್ಕ ನೋಡಿ, ಹೌದಲ್ಲ ಎಂದರು. ರಬ್ಬರ್ ಕೇಳಿದೆ. ಖಾಲಿ ಕುರ್ಚಿಯನ್ನು ಎಳೆದು ಕೊಟ್ಟರು, ನಾನು ನೆಲದ ಮೇಲೆ ಕೂತೆ. ಅಂಚಿನಲ್ಲಿ ನಾನು ಹಾಕಿದ್ದನ್ನೆಲ್ಲ ಅಳಿಸಿದೆ. ಹತ್ತೊಂಬತ್ತು ಇತ್ತು. ಅವರ ಸಾಲಿನಲ್ಲಿ ಹದಿನಾಲ್ಕು, ನನ್ನದರಲ್ಲಿ ಐದು. ಆಮೇಲೆ ಒಂದೊಂದು ಸಾಲನ್ನೂ ಬೆರಳಿಟ್ಟು ಬಾಯಿಬಿಟ್ಟು ಎಣಿಸಿದೆ. ಕಟಕಟ ನಿಂತಿತು. ಒಂದು ಎರಡು ಮೂರು ಎಂದು ಹದಿನೈದು. ಮತ್ತೆ ಒಂದರಿಂದ ಹದಿನೈದು. ನಲವತ್ತೆರಡು ಸಲ. ರಾಜೇಂದ್ರ ಪಕ್ಕದಲ್ಲಿ ನಿಂತು ಜೆರಾಕ್ಸ್ ಹಿಡಿದುಕೊಂಡು ಅಂಕಿ ನೋಡುತ್ತಾ ಬಂದರು. ಅರ್ಧಕ್ಕೆ ಅವರೂ ನೆಲಕ್ಕೆ ಕೂತರು. ನಮ್ಮವರ ಮೂವತ್ತು ಸಾಲಿನಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ನನ್ನ ಹನ್ನೆರಡರಲ್ಲಿ ಒಂದು ಕಡೆ ಆರು ಇದ್ದದ್ದು ಸೊನ್ನೆಯ ಹಾಗೆ ಕಾಣುತ್ತಿತ್ತು. ತಿದ್ದಿದೆ.

ರಾಜೇಂದ್ರ ಹೋಗಿ ಕಂಪ್ಯೂಟರಿನಲ್ಲಿ ಆ ಹತ್ತೊಂಬತ್ತನ್ನು ತೆಗೆದು, ಆ ಆರನ್ನೂ ಸರಿ ಮಾಡಿದರು. ಏನೋ ಒತ್ತಿ ಕಾದರು. ಪ್ರಿಂಟರಿನಿಂದ ಕಾಗದ ಬಂತು. ಅಡ್ಡ ಪುಟ. ಹದಿನಾರು ಕಂಬವೂ ನಿಂತಿದ್ದವು. ಊರೆಲ್ಲ ಊರಿನ ಕೆಳಗೆ, ವರ್ಷವೆಲ್ಲ ವರ್ಷದ ಕೆಳಗೆ. ಜೂನ್ ಪಕ್ಕದಲ್ಲಿ ಜುಲೈ. ಅದರ ಪಕ್ಕದಲ್ಲಿ ಆಗಸ್ಟ್.

ಮಾಲೀಕರನ್ನು ಕರೆದು ತೋರಿಸಿದರು. ಅವರು ಕಾಗದವನ್ನು ನೆಟ್ಟಗೆ ಹಿಡಿದರು, ಅಡ್ಡ ಹಿಡಿದರು, ಹ್ಞೂ ಎಂದು ಒಳಗೆ ಹೋದರು. ಹ್ಞೂ ಅಂದರೆ ಆಯಿತು ಎಂದು ರಾಜೇಂದ್ರ ಹೇಳಿದರು.

ನಾನು ಏಳಲಿಲ್ಲ.

"ಅವರ ಎಣಿಕೆ ತಪ್ಪಿಲ್ಲ ಅಂತ ಹೇಳಿ."

"ಯಾರಿಗೆ ಅಮ್ಮ?"

"ತಪ್ಪಿತ್ತು ಅಂತ ಯಾರಿಗೆ ಹೇಳಿದ್ರೋ ಅವರಿಗೆ."

ರಾಜೇಂದ್ರ ಎದ್ದು ನಿಂತು ಆ ಐದು ಜನಕ್ಕೆ ಹೇಳಿದರು. ಮಳೆ ಪಟ್ಟಿಯಲ್ಲಿ ಪಿಳ್ಳಪ್ಪನವರದು ಏನೂ ತಪ್ಪಿರಲಿಲ್ಲ, ಎಲ್ಲಾ ಸರಿ ಇತ್ತು ಎಂದರು. ಅವರು ತಿರುಗಿ ನೋಡಿದರು. ಒಬ್ಬ ಹುಡುಗಿ ತಲೆ ಆಡಿಸಿದಳು. ಮತ್ತೆ ಕಟಕಟ ಶುರುವಾಯಿತು. ನಾನು ಚಪ್ಪಲಿ ಹಾಕಿಕೊಂಡೆ.

ಮನೆಗೆ ಬಂದರೆ ಅಕ್ಕಯಮ್ಮ ಹಿತ್ತಲಲ್ಲಿ ನೀರು ಇಟ್ಟಿದ್ದರು. ತಲೆಗೆ ಹುಯ್ದುಕೊಂಡು ಒಳಗೆ ಬಾ ಎಂದರು. ಹುಯ್ದುಕೊಂಡೆ. ಕತ್ತರಿಸಿದರಾ ಎಂದು ಕೇಳಿದರು. ಇಲ್ಲ ಎಂದೆ. ಅನ್ನ ಬಡಿಸಿದರು.

ಸಂಕ್ರಾಂತಿ ಕಳೆದ ಮೇಲೆ ಪುಸ್ತಕ ಬಂತು. ರಾಜೇಂದ್ರ ಒಂದು ಪ್ರತಿ ಕಳಿಸಿದ್ದರು. ಮಳೆ ಪಟ್ಟಿ ನೂರ ಹನ್ನೆರಡನೇ ಪುಟದಲ್ಲಿದೆ. ಓದಬೇಕಾದರೆ ಪುಸ್ತಕವನ್ನು ಅಡ್ಡ ತಿರುಗಿಸಬೇಕು. ಯಾರಾದರೂ ತಿರುಗಿಸಿದ್ದಾರೋ ಇಲ್ಲವೋ ಗೊತ್ತಿಲ್ಲ. ಬರೆದವರ ಹೆಸರು ಇದೆ, ಅಚ್ಚು ಹಾಕಿದವರ ಹೆಸರು ಇದೆ. ಪಟ್ಟಿ ಹಾಕಿದವರ ಹೆಸರು ಹಾಕುವ ಪದ್ಧತಿ ಇಲ್ಲವಂತೆ.

ಆ ಪುಸ್ತಕದ ಜೊತೆ ಒಂದು ಕವರೂ ಇತ್ತು. ಅದರಲ್ಲಿ ಬೇರೆ ಯಾವುದೋ ಪಟ್ಟಿಯ ಟೈಪ್ ಮಾಡಿದ ಹಾಳೆಗಳು, ಮೇಲೆ ಕನ್ನಡದಲ್ಲಿ ಒಂದು ಚೀಟಿ. ಅಮ್ಮ, ಈ ಸಾಲುಗಳಲ್ಲಿ ಗಂಟು ಎಣಿಸಿ ಕೊಡುತ್ತೀರಾ, ಇಲ್ಲಿ ಯಾರಿಗೂ ತಾಳ್ಮೆ ಇಲ್ಲ, ಎಂದು ಬರೆದಿತ್ತು. ಎಣಿಸಿ ಕೊಟ್ಟೆ. ಮಾರನೆಯ ದಿನ ಇನ್ನೊಂದು ಬಂತು.

ಈಗ ಐದು ವರ್ಷವಾಯಿತು. ಆಫೀಸಿನ ಕಂಪ್ಯೂಟರುಗಳು ಎರಡು ಸಲ ಬದಲಾದವಂತೆ. ಗಂಟು ಅದೇ ಗಂಟು. ಅಪ್ಪಯ್ಯಣ್ಣ ಸಾಯಂಕಾಲ ಕವರು ತಂದು ಕೊಡುತ್ತಾನೆ. ನಾನು ಬೆಳಿಗ್ಗೆ ಐದಕ್ಕೆ ಎದ್ದು, ಬಾಗಿಲಿಗೆ ನೀರು ಹಾಕಿ, ಚಾಪೆ ಹಾಕಿಕೊಂಡು ಕೂರುತ್ತೇನೆ. ಬೀದಿಯ ಮಗ್ಗಗಳು ಶುರುವಾದರೆ ಎಣಿಕೆ ತಪ್ಪುತ್ತದೆ, ಅಷ್ಟರೊಳಗೆ ಮುಗಿಸುತ್ತೇನೆ. ಒಳಗೆ ಏನು ಬರೆದಿದೆ ಎಂದು ಗೊತ್ತಾಗುವುದಿಲ್ಲ, ಕೇಳುವುದೂ ಇಲ್ಲ. ಮೊದಲು ಮೇಲಿನ ಅಕ್ಷರ ನೋಡಿ ಮನೆ ಎಷ್ಟು ಎಂದು ತಿಳಿದುಕೊಳ್ಳುತ್ತೇನೆ, ಆಮೇಲೆ ಸಾಲಿಗೊಂದು ಸಲ ಬೆರಳು ಓಡಿಸುತ್ತೇನೆ.

ಇವತ್ತಿನದು ಕುರಿಗಳ ಹಲ್ಲಿನ ಪಟ್ಟಿ ಎಂದು ಅಪ್ಪಯ್ಯಣ್ಣ ಹೇಳಿದ. ಹನ್ನೊಂದು ಮನೆ, ಐವತ್ತಮೂರು ಸಾಲು. ಇಪ್ಪತ್ತೇಳನೇ ಸಾಲಿನಲ್ಲಿ ಒಂದು ಗಂಟು ಕಡಿಮೆ ಇತ್ತು. ಅಲ್ಲಿ ಪೆನ್ಸಿಲ್ಲಿಂದ ಸುತ್ತು ಹಾಕಿದೆ. ಹಾಳೆಗಳನ್ನು ಕವರಿಗೆ ಸೇರಿಸಿ, ಸ್ಟೇಷನ್ನಿಗೆ ಹೋಗಿ, ಅಪ್ಪಯ್ಯಣ್ಣನ ಕೈಗೆ ಕೊಟ್ಟೆ. ರೈಲು ಹೊರಡುವವರೆಗೆ ನಿಂತಿದ್ದು ಮನೆಗೆ ಬಂದು ಒಲೆ ಹಚ್ಚಿದೆ.